ಬಿಂಗೋ ಹಾಲ್‌ನಲ್ಲಿ ಅಮ್ಮ, ಜಗಲಿಯ ಇಪ್ಪತ್ತೆಂಟರಲ್ಲಿ ಮಕ್ಕಳು

ಇಂಗ್ಲೆಂಡಿನವರ ಬಿಂಗೋ ಅಂದರೆ ನಮ್ಮ ತಂಬೋಲಾನೇ. ಶಿವಮೊಗ್ಗದಲ್ಲಿ ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೋ ಪಿಕ್‌ನಿಕ್ಕಿಗೋ ಹೋದವರಿಗೆ ಬಿಡಿಸಿ ಹೇಳುವುದು ಬೇಡ. ಅದೇ ಟಿಕೆಟ್ಟು. ಅಡ್ಡಕ್ಕೆ ಮೂರು ಸಾಲು, ಸಾಲಿಗೆ ಒಂಬತ್ತು ಮನೆ, ಅದರಲ್ಲಿ ಐದಕ್ಕೆ ನಂಬರು, ನಾಲ್ಕು ಖಾಲಿ. 1ರಿಂದ 90ರವರೆಗಿನ ನಂಬರು ಒಬ್ಬರು ಕೂಗುತ್ತಾರೆ, ಉಳಿದವರು ಹೊಡೆದುಕೊಳ್ಳುತ್ತಾರೆ. ನಾವು ಅರ್ಲಿ ಫೈವ್, ನಾಲ್ಕು ಮೂಲೆ ಅಂತ ಬಹುಮಾನ ಜಾಸ್ತಿ ಇಡುತ್ತೇವೆ. ಅವರದ್ದು ಒಂದು ಸಾಲು, ಎರಡು ಸಾಲು, ಫುಲ್ ಹೌಸ್, ಅಷ್ಟೇ. ಅಮೆರಿಕದ ಬಿಂಗೋ ಮಾತ್ರ ಬೇರೆ. ಅಲ್ಲಿ ನಂಬರು 75ಕ್ಕೇ ಮುಗಿಯುತ್ತದೆ. ಟಿಕೆಟ್ಟು ಐದೈದು ಮನೆಯ ಚೌಕ, ನಟ್ಟನಡುವಿನ ಮನೆ ಪುಕ್ಕಟೆ. ನೋಡಿದರೆ ಥೇಟ್ ಚೌಕಾಬಾರದ ಮನೆ.

ಅಮ್ಮ ಸಾಗರದಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದಾಗ ಪಕ್ಕದ ಮನೆಯ ಅಜ್ಜಿ ಅವರನ್ನು ಚರ್ಚಿನ ಹಾಲ್‌ಗೆ ಬಿಂಗೋ ಆಡಲು ಕರೆದರು. ಅಮ್ಮನಿಗೆ ಬರುವ ಇಂಗ್ಲಿಷು ಅಂದರೆ ನಂಬರುಗಳು, ಥ್ಯಾಂಕ್ಯೂ ಮತ್ತು ನೋ ಶುಗರ್. ಮಾತು ತಿಳಿಸಲು ಬೇಕಾಗಬಹುದು ಅಂತ ನಾನೂ ಜೊತೆಗೆ ಹೋದೆ. ಸುಮ್ನೆ ಕೂತು ಟೀ ಕುಡಿದೆ, ಅಷ್ಟೇ.

ಅಜ್ಜಿ ಆಟ ವಿವರಿಸಲೇ ಇಲ್ಲ. ಆರು ಟಿಕೆಟ್ಟು ಒಂದಕ್ಕೊಂದು ಅಂಟಿಕೊಂಡಿದ್ದ ಉದ್ದನೆಯ ಹಾಳೆಯನ್ನು ಅಮ್ಮನ ಮುಂದಿಟ್ಟರು. ಕೈಗೆ ದಪ್ಪ ಮೂತಿಯ ಶಾಯಿ ಪೆನ್ನು ಕೊಟ್ಟರು. ಅದಕ್ಕೆ ಡ್ಯಾಬರ್ ಅಂತಾರೆ. ಒತ್ತಿದರೆ ನಂಬರಿನ ಮೇಲೆ ದೊಡ್ಡ ಬೊಟ್ಟು ಬೀಳುತ್ತದೆ. ಹೊಸಬರಿಗೆ ಒಂದೇ ಟಿಕೆಟ್ಟು ಕೊಡಬಾರದಾ, ಆರು ಯಾಕೆ ಅನ್ನಿಸಿತು ನನಗೆ. ಆಟ ಶುರುವಾದ ಮೇಲೆ ಅದರ ಜಾಣತನ ಗೊತ್ತಾಯಿತು. ಟಿಕೆಟ್ಟಿಗೆ 15 ನಂಬರು, ಆರು ಟಿಕೆಟ್ಟಿಗೆ 90. ಅಂದರೆ ಆ ಹಾಳೆಯಲ್ಲಿ 1ರಿಂದ 90ರವರೆಗಿನ ಎಲ್ಲ ನಂಬರೂ ಒಂದೊಂದು ಸಲ ಇರುತ್ತದೆ. ಏನೇ ಕೂಗಲಿ, ನಿಮ್ಮ ಮುಂದೆ ಎಲ್ಲೋ ಇದ್ದೇ ಇದೆ. ಸಿಗಲಿಲ್ಲ ಅಂದರೆ ನೀವು ನೋಡಿಲ್ಲ ಅಂತ ಲೆಕ್ಕ. ಎಲ್ಲಿ ಹುಡುಕಬೇಕು ಅನ್ನುವುದನ್ನೂ ಟಿಕೆಟ್ಟೇ ಹೇಳುತ್ತದೆ. ಒಂದರಿಂದ ಒಂಬತ್ತು ಎಡತುದಿಯ ಉದ್ದಸಾಲಿನಲ್ಲಿ, ಹತ್ತರ ಸರದಿ ಅದರ ಪಕ್ಕ, ಇಪ್ಪತ್ತರದ್ದು ಅದರಾಚೆ, ಹೀಗೆ ಬಲತುದಿಗೆ 80ರಿಂದ 90. ಅಮ್ಮ ಸ್ವಲ್ಪ ಹೊತ್ತಿನಲ್ಲೇ ಇದನ್ನು ಹಿಡಿದರು. ಆಮೇಲೆ ಅವರ ಕಣ್ಣು ಪೂರ್ತಿ ಹಾಳೆ ಸುತ್ತುವುದು ಬಿಟ್ಟು ಒಂದೇ ಉದ್ದಸಾಲಿನಲ್ಲಿ ಮೇಲಿಂದ ಕೆಳಗೆ ಇಳಿಯುತ್ತಿತ್ತು.

ಕೂಗುವವರದ್ದು ಇನ್ನೊಂದು ಮಜಾ. ಬರೀ ನಂಬರು ಹೇಳುವುದಿಲ್ಲ, ಅಡ್ಡಹೆಸರು ಸೇರಿಸುತ್ತಾರೆ. 88ಕ್ಕೆ ಇಬ್ಬರು ದಪ್ಪ ಹೆಂಗಸರು. 22ಕ್ಕೆ ಎರಡು ಪುಟ್ಟ ಬಾತುಕೋಳಿ, ಅದನ್ನು ಕೂಗಿದ ಕೂಡಲೇ ಹಾಲ್‌ಗೆ ಹಾಲೇ ಕ್ವ್ಯಾಕ್ ಕ್ವ್ಯಾಕ್ ಅನ್ನುತ್ತದೆ. ಹನ್ನೊಂದು ಅಂದರೆ ಎರಡು ಕಾಲು, ಅದಕ್ಕೆ ಸಿಳ್ಳೆ. ತೊಂಬತ್ತು ಅಂಗಡಿಯ ಅಟ್ಟ. ಹಳಬರಿಗೆ ಇದೆಲ್ಲ ಬಾಯಿಪಾಠ. ಆದರೆ ಅಡ್ಡಹೆಸರಿನ ಬೆನ್ನಿಗೇ ನಂಬರನ್ನೂ ಸ್ಪಷ್ಟವಾಗಿ ಹೇಳುತ್ತಾರೆ, ಹಾಗಾಗಿ ತಮಾಷೆ ಅರ್ಥವಾಗದವರಿಗೂ ಆಟ ತಪ್ಪುವುದಿಲ್ಲ. ಅಮ್ಮನಿಗೆ ಬಾತುಕೋಳಿ ಗೊತ್ತಾಗಿದ್ದು ಎಲ್ಲರೂ ಕೂಗಿದ ಮೇಲೆ. ಅಷ್ಟರಲ್ಲಿ 22ರ ಮೇಲೆ ಬೊಟ್ಟು ಬಿದ್ದಾಗಿತ್ತು. ಮನೆಗೆ ಬಂದವರು ನಮ್ಮ ಕಡೆಯ ಹೆಸರು ಕಟ್ಟಲು ಕೂತರು. 14 ಶಿವಮೊಗ್ಗದ ಗಾಡಿ, 15 ಸಾಗರದ ಗಾಡಿ, 27 ಮಳೆ ನಕ್ಷತ್ರ, 8 ಬಾರ. 88ಕ್ಕೆ ಅವರು ಇಟ್ಟ ಹೆಸರಿನಲ್ಲಿ ನಮ್ಮ ನೆಂಟರಿಬ್ಬರು ಇದ್ದಾರೆ, ಇಲ್ಲಿ ಬರೆಯುವ ಹಾಗಿಲ್ಲ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಚರ್ಚಿನ ಹಾಲ್‌ನದ್ದು ಚಿಲ್ಲರೆ ಕಾಸಿನ ಆಟ, ಬಹುಮಾನ ಬಿಸ್ಕತ್ತಿನ ಡಬ್ಬಿ. ಆದರೆ ಬ್ರಿಟನ್ನಿನಲ್ಲಿ 1960ರ ಕಾನೂನು ಬಂದ ಮೇಲೆ ದುಡ್ಡಿನ ಬಿಂಗೋಗೇ ದೊಡ್ಡ ದೊಡ್ಡ ಕ್ಲಬ್ಬುಗಳು ಎದ್ದವು. ಅಲ್ಲಿಯೂ ಹೊಸಬರನ್ನು ಬಾಗಿಲಲ್ಲೇ ನಗುತ್ತಾ ಕರೆಯುತ್ತಾರೆ. ಕರೆಯದೆ ಏನು, ವ್ಯಾಪಾರ ಅಲ್ವಾ. ನಮ್ಮೂರಿನ ಓಸಿ ಚೀಟಿಯೂ ಹಾಗೇ, ಒಂದು ನಂಬರು ಹೇಳಿದರೆ ಸಾಕು, ಬೇರೇನೂ ಕಲಿಯಬೇಕಿಲ್ಲ. ಒಳಗೆ ಹೋಗುವುದು ಸುಲಭ ಅಂದ ಮಾತ್ರಕ್ಕೆ ಆಟ ಒಳ್ಳೆಯದು ಅನ್ನುವುದಕ್ಕಾಗುವುದಿಲ್ಲ.

ಈಗ ನಮ್ಮ ಜಗಲಿಗೆ ಬರೋಣ. ಇಂಗ್ಲೆಂಡಿನಲ್ಲಿ ಶಾಲೆಗೆ ದೊಡ್ಡ ರಜೆ ಸಿಗುವುದು ಜುಲೈ ಕೊನೆಗೆ. ಹಾಗಾಗಿ ನಮ್ಮ ಮಕ್ಕಳು ಊರಿಗೆ ಬರುವುದು ಯಾವಾಗಲೂ ಜಡಿಮಳೆಯಲ್ಲಿ. ಕರೆಂಟಿಲ್ಲ, ಹೊರಗೆ ಕಾಲಿಟ್ಟರೆ ಉಂಬಳ. ಚೌಕಾಬಾರ ಅವರಿಗೆ ಕೂಡಲೇ ಹಿಡಿಸಿತು, ಕವಡೆ ಬಿದ್ದ ಹಾಗೆ ನಡೆದರಾಯಿತು. ಕಷ್ಟವಾಗಿದ್ದು ಇಸ್ಪೀಟು, ಅದರಲ್ಲೂ ಇಪ್ಪತ್ತೆಂಟು.

ಮಾವ ಇಪ್ಪತ್ತೆಂಟರಲ್ಲಿ ಪಳಗಿದ ಕೈ. ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಶುರು ಮಾಡಿದರು. ಗುಲಾಮ ಎಲ್ಲರಿಗಿಂತ ದೊಡ್ಡವನು, 3 ಪಾಯಿಂಟು. ಆಮೇಲೆ ಒಂಬತ್ತು, ಅದಕ್ಕೆ 2. ಎಕ್ಕಕ್ಕೆ 1, ಹತ್ತಕ್ಕೆ 1. ರಾಜ, ರಾಣಿ, ಎಂಟು, ಏಳಕ್ಕೆ ಸೊನ್ನೆ. ಒಂದು ಬಣ್ಣಕ್ಕೆ 7, ನಾಲ್ಕು ಬಣ್ಣಕ್ಕೆ 28. ಮೊದಲು ನಾಲ್ಕು ಎಲೆ ನೋಡಿ ಇಷ್ಟು ಪಾಯಿಂಟು ಮಾಡುತ್ತೇನೆ ಅಂತ ಕೂಗಬೇಕು, 14ರಿಂದ ಶುರು. ಕೂಗಿ ಗೆದ್ದವನು ತುರುಫು, ಅಂದರೆ ಉಳಿದ ಬಣ್ಣಗಳನ್ನೆಲ್ಲ ಹೊಡೆಯುವ ಬಣ್ಣದ ಎಲೆ, ಮುಚ್ಚಿಡಬೇಕು. ಸುತ್ತಿನಲ್ಲಿ ಮೊದಲು ಬಿದ್ದ ಬಣ್ಣ ಕೈಯಲ್ಲಿಲ್ಲದವನು ಕೇಳಿದರೆ ಮಾತ್ರ ಅದನ್ನು ತೆಗೆಯಬೇಕು. ಹೀಗೆ ಸಾಗಿತು ಪುರಾಣ. ಒಂದೆಲೆಯನ್ನೂ ಹಾಕಿರಲಿಲ್ಲ, ಮಕ್ಕಳು ಒಬ್ಬೊಬ್ಬರೇ ಅಡುಗೆಮನೆಗೆ ಜಾರಿದರು. "ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ" ಅಂದರು ಮಾವ.

ನಮ್ಮಲ್ಲಿ ಹೊಸಬರಿಗೆ ಇರುವುದು ಎರಡೇ ಜಾಗ. ಬೆನ್ನ ಹಿಂದೆ ಕೂತು ನೋಡುವುದು, ಇಲ್ಲವಾದರೆ ಆಟಕ್ಕುಂಟು ಲೆಕ್ಕಕ್ಕಿಲ್ಲ. ಬಿಂಗೋದಲ್ಲಿ ಅಮ್ಮ ಮೊದಲ ನಂಬರಿನಿಂದಲೇ ಲೆಕ್ಕಕ್ಕಿದ್ದರು. ಅಲ್ಲಿ ಎಲ್ಲ ಅದೃಷ್ಟ, ಆಟವೇ ಹೊಸಬರನ್ನು ನೋಡಿಕೊಳ್ಳುತ್ತದೆ. ಇಪ್ಪತ್ತೆಂಟು ಲೆಕ್ಕಾಚಾರದ ಆಟ, ಅದಕ್ಕೆ ಆ ಗುಣ ಇಲ್ಲ. ಆ ಕೆಲಸ ಕೂತು ಆಡುವವರೇ ಮಾಡಬೇಕು.

ಮಾಡಿದ್ದು ಅತ್ತೆ. ಯಾರದ್ದೋ ಲಗ್ನಪತ್ರಿಕೆಯ ಹಿಂದೆ ಗುಲಾಮ, ಒಂಬತ್ತು, ಎಕ್ಕ, ಹತ್ತು, ರಾಜ, ರಾಣಿ, ಎಂಟು, ಏಳು ಅಂತ ದೊಡ್ಡದಾಗಿ ಬರೆದು, ಮೊದಲ ನಾಲ್ಕರ ಪಕ್ಕ ಪಾಯಿಂಟು ಹಾಕಿ, ನಡುವೆ ಇಟ್ಟರು. ಕೂಗುವುದು ಬೇಡ, ಎಂಟೆಂಟು ಎಲೆ ಒಟ್ಟಿಗೆ ಹಂಚಿ, ತುರುಫು ಎಲ್ಲರಿಗೂ ಕಾಣುವ ಹಾಗೆ ತೆರೆದಿಡಿ ಅಂದರು. ಮಗಳಿಗೆ ತಾವೇ ಜೊತೆಯಾದರು. ಎದುರು ಮಾವ ಮತ್ತು ಅಕ್ಕನ ಮಗ.

ಮಗಳು ಆಟೀನ್ ರಾಜನನ್ನು ಹಾಕಿದಳು, ಗೆದ್ದೇ ಬಿಟ್ಟೆ ಅನ್ನುವ ಮುಖದಲ್ಲಿ. ಅಕ್ಕನ ಮಗ ಆಟೀನ್ ಒಂಬತ್ತು ಹಾಕಿದ.

"ಒಂಬತ್ತು ರಾಜನ್ನ ಹೊಡೆಯುತ್ತಾ?"

"ಪತ್ರಿಕೆ ನೋಡು ಕೂಸೇ" ಅಂದ ಅತ್ತೆ, ಅದರ ಮೇಲೆ ಗುಲಾಮನನ್ನು ಇಟ್ಟರು. ಮಾವ ಬೇರೆ ದಾರಿಯಿಲ್ಲದೆ ಏಳು ಬಿಸಾಕಿದರು. ಒಂದೇ ಸುತ್ತಿಗೆ 5 ಪಾಯಿಂಟು ಮಗಳ ಕಡೆಗೆ. ಮಾವ ಅಷ್ಟು ಹೊತ್ತು ಹೇಳಿದ್ದರಲ್ಲಿ ತಲೆಗೆ ಇಳಿಯದ ಸಂಗತಿ ಆ ನಾಲ್ಕು ಎಲೆಯಲ್ಲಿ ಇಳಿಯಿತು.

ಅತ್ತೆಯದ್ದು ಇನ್ನೊಂದು ಕಟ್ಟುನಿಟ್ಟು ಇತ್ತು. ಸಲಹೆ ಕೊಡಬಹುದು, ಮಕ್ಕಳ ಕೈಯಿಂದ ಎಲೆ ಎಳೆದು ಹಾಕಬಾರದು. ಪಳಗಿದವರಿಗೆ ಇದೇ ಅತಿ ಕಷ್ಟ. ಮಾವನ ಕೈ ಅಕ್ಕನ ಮಗನ ಎಲೆಯ ತನಕ ಹೋಗಿ ವಾಪಸ್ ಬರುತ್ತಿತ್ತು.

"ತುರುಫು ತೆರೆದಿಟ್ಟರೆ ಅದು ಇಪ್ಪತ್ತೆಂಟಾ?" ಅಂತ ಅವರು ಗೊಣಗಿದ್ದರಲ್ಲೂ ತಪ್ಪಿಲ್ಲ. ಮುಚ್ಚಿಟ್ಟ ಎಲೆಯಲ್ಲೇ ಆ ಆಟದ ರುಚಿ ಇರುವುದು. ಸುಲಭ ಮಾಡುತ್ತೇವೆ ಅಂತ ಅದನ್ನು ಪೂರ್ತಿ ತೆಗೆದುಬಿಟ್ಟರೆ ಮಕ್ಕಳಿಗೆ ಕಲಿಸಿದ್ದು ಬೇರೆ ಯಾವುದೋ ಆಟ. ಆದರೆ ಅದನ್ನು ವಾಪಸ್ ತರಲು ನಾವು ಹೇಳಬೇಕಾಗಲಿಲ್ಲ. ಒಂದು ಸಂಜೆ ಅಕ್ಕನ ಮಗನೇ ತಕರಾರು ತೆಗೆದ. ತುರುಫು ಯಾವುದೆಂದು ಎಲ್ಲರಿಗೂ ಮೊದಲೇ ಗೊತ್ತಿದ್ದರೆ ಮೋಸ ಮಾಡಲು ಏನೂ ಉಳಿಯುವುದಿಲ್ಲವಂತೆ. ಮುಚ್ಚಿಡಿ ಅಂದ. ಮುಚ್ಚಿಟ್ಟ ಮೇಲೆ, ಯಾರು ಮುಚ್ಚಿಡಬೇಕು ಅಂತ ಜಗಳ ಬಂತು. ಹಾಗಾದರೆ ಕೂಗಿ ಗೆದ್ದವರು ಮುಚ್ಚಿಡಲಿ ಅಂದರು ಅತ್ತೆ. ಮಗಳು ಕೂಡಲೇ "ಹದಿನಾರು" ಅಂದಳು. ಮಾವ ಅವಳ ಮುಖ ನೋಡಿ, ನಿಯಮ ಹೇಳುವುದನ್ನು ಮರೆತು, "ಹದಿನೇಳು" ಅಂದರು.