ಅರ್ಧ ಗಂಟೆ ನೆನೆದ ಪ್ಲಮ್ ಕೇಕು

ಕ್ರಿಸ್‌ಮಸ್ ಪ್ಲಮ್ ಕೇಕಿಗೆ ಒಣಹಣ್ಣನ್ನು ವಾರಗಟ್ಟಲೆ ರಮ್‌ನಲ್ಲಿ ನೆನೆಹಾಕೋದು ಹಳೇ ಕ್ರಮ. ಆಫೀಸು, ಟ್ರಾಫಿಕ್ಕು ನಡುವೆ ನನಗೆ ಅದು ಆಗಲಿಲ್ಲ. ಬೆಂಗಳೂರಿನ ರಸೆಲ್ ಮಾರ್ಕೆಟ್‌ನಿಂದ ತಂದ ದ್ರಾಕ್ಷಿ, ಖರ್ಜೂರ, ಟೂಟಿ ಫ್ರೂಟಿಯನ್ನು ಕಿತ್ತಳೆ ರಸದಲ್ಲಿ 5 ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ಮುಚ್ಚಿಟ್ಟೆ. ಅರ್ಧ ಗಂಟೆಗೆಲ್ಲ ದ್ರಾಕ್ಷಿ ರಸ ಕುಡಿದು ಉಬ್ಬಿ, ಸುಕ್ಕೆಲ್ಲ ಬಿಟ್ಟು ಮಿರಮಿರ ಅಂತಿತ್ತು.

ಸಕ್ಕರೆ ಕರಗಿಸೋವಾಗ ಮಾತ್ರ ಅವಸರ ಬೇಡ. ಕೇಕಿನ ಕಂದು ಬಣ್ಣ, ಆ ಸಣ್ಣ ಕಹಿ ಎರಡೂ ಅಲ್ಲಿಂದಲೇ ಬರೋದು. ಜೇನಿನ ಬಣ್ಣ ದಾಟಿ ಕಡುಗಂದು ಆದ ತಕ್ಷಣ ಉರಿ ಆರಿಸಿ, ಬಿಸಿನೀರು ಸ್ವಲ್ಪಸ್ವಲ್ಪವೇ ಹಾಕಿ (ಜೋರಾಗಿ ಸಿಡಿಯುತ್ತೆ, ಮಕ್ಕಳನ್ನು ದೂರ ಇಡಿ). ಹಣ್ಣನ್ನು ಒಂದು ಚಮಚ ಮೈದಾದಲ್ಲಿ ಹೊರಳಿಸಿದರೆ ತಳಕ್ಕೆ ಇಳಿಯೋದು ಕಮ್ಮಿ. ರಮ್‌ನಲ್ಲಿ ನೆಂದ ಕೇಕಿನಷ್ಟು ದಿನ ಇದು ಇರಲ್ಲ, ಬೇಗ ತಿಂದು ಮುಗಿಸಿ.

ಯುಗಾದಿಗೆ ನಮ್ಮನೆ ಒಬ್ಬಟ್ಟು ಪಕ್ಕದ ಮನೆ ಆಂಟಿಗೆ, ಡಿಸೆಂಬರ್‌ನಲ್ಲಿ ಅವರ ಕೇಕು ನಮಗೆ. ಈ ವರ್ಷ ಅವರಿಗೆ ಕೈನೋವು, ಕೇಕ್ ಮಾಡಿಲ್ಲ, ಅದಕ್ಕೆ ನಾನೇ ಮಾಡಿ ಕೊಟ್ಟೆ. ಸುಲಭದ ದಾರಿ ಇದ್ದದ್ದಕ್ಕೇ ಅಲ್ವಾ ನನ್ನ ಕೈಲಿ ಆಗಿದ್ದು ಅನಿಸ್ತು. ಆಂಟಿ ಒಂದು ಚೂರು ಬಾಯಿಗಿಟ್ಟು, "ಲವಂಗ ಇನ್ನೊಂಚೂರು ಇರಲಿ ಕಣಮ್ಮಾ" ಅಂದರು. ನಾಳೆ ಇನ್ನೊಂದು ಮಾಡ್ತಿದೀನಿ.