‘ಎಲ್ಲಿ ನೋಡಿ ಫೋನ್ ಮಾಡಿದ್ರಿ?’

ದಾವಣಗೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುವ ದಾರಿಯಲ್ಲೇ ಇದೆ. 11 ವರ್ಷದಿಂದ ಕ್ರಯಪತ್ರ, ಇಸಿ (ಆಸ್ತಿಯ ಮೇಲೆ ಸಾಲ, ಋಣ ಏನಾದರೂ ಇದೆಯೇ ಅಂತ ತೋರಿಸುವ ಪತ್ರ), ಖಾತೆ ಉತಾರಗಳ ನಕಲು ಮಾಡಿಕೊಡುತ್ತಿದ್ದೇನೆ. ಬೇರೆಯವರ ಮನೆ, ಸೈಟು ಕೈಬದಲಾಗುವುದನ್ನು ಇಷ್ಟು ವರ್ಷ ನೋಡಿದ ಮೇಲೆ, 2023ರ ಜನವರಿಯಲ್ಲಿ ನಾವೂ ಒಂದು ತೆಗೆದುಕೊಂಡೆವು. ನಿಟುವಳ್ಳಿ ಕಡೆ, 20X30 ಅಡಿ ಜಾಗದಲ್ಲಿ ಹಳೇ ಹಂಚಿನ ಮನೆ. ರಿಪೇರಿ ಮಾಡಿಸಿ ಮಾರುವುದು ನಮ್ಮ ಲೆಕ್ಕ.

ಬೆಲೆ 22 ಲಕ್ಷ. ಚೀಟಿ ಎತ್ತಿದ ದುಡ್ಡು, ನಮ್ಮ ಯಜಮಾನರ ಪಿಎಫ್, ನನ್ನ ಬಳೆ ಅಡವಿಟ್ಟದ್ದು, ಎಲ್ಲ ಅದರಲ್ಲೇ ಹೋಯಿತು. ಮುದ್ರಾಂಕ ಶುಲ್ಕ, ಸೆಸ್ಸು, ನೋಂದಣಿ ಎಲ್ಲ ಸೇರಿ ಶೇ 6.6ರ ಹತ್ತಿರ ಬಂತು, ಅಂದರೆ ಸುಮಾರು 1.45 ಲಕ್ಷ. ಹಂಚು ತೆಗೆಸಿ ಶೀಟು, ಹೊಸ ವೈರಿಂಗು, ಬಚ್ಚಲಿಗೆ ಟೈಲ್ಸು ಅಂತ ರಿಪೇರಿಗೆ 3.4 ಲಕ್ಷ. ಜೂನ್ ಹೊತ್ತಿಗೆ ಮನೆ ರೆಡಿ. ಮನೆ ರೆಡಿಯಾಗಿದೆ ಅಂತ ಊರಿಗೆ ಗೊತ್ತಾಗುವುದು ಹೇಗೆ ಅನ್ನುವುದನ್ನು ಮಾತ್ರ ನಾನು ಅಲ್ಲಿವರೆಗೆ ಯೋಚನೆಯನ್ನೇ ಮಾಡಿರಲಿಲ್ಲ.

ಮೊದಲ ಸಲ ಮಾರುವವರಿಗೆ ಎಲ್ಲರೂ ಒಂದೊಂದು ಹೇಳುತ್ತಾರೆ. ಪ್ಯಾಂಪ್ಲೆಟ್ ಹಾಕ್ಸಿ, ಆ್ಯಪಲ್ಲಿ ಹಾಕಿ, ಫೇಸ್‌ಬುಕ್ ಬೂಸ್ಟ್ ಮಾಡ್ಸಿ. ನಾನು ಎಲ್ಲವನ್ನೂ ಮಾಡಿದೆ. 2,000 ಪ್ಯಾಂಪ್ಲೆಟ್ ಪ್ರಿಂಟ್ ಮಾಡಿಸಿ ಪೇಪರ್ ಹುಡುಗರಿಗೆ ಕೊಟ್ಟೆ, 2,800 ರೂಪಾಯಿ. ಒಂದು ಆ್ಯಪಿನ ಪ್ಲಾನಿಗೆ 3,000. ಫೇಸ್‌ಬುಕ್ಕಿಗೆ 1,500. ಮನೆ ಗೋಡೆಗೆ ಬೋರ್ಡು, 850.

ಒಂದು ಕೆಲಸ ಮಾತ್ರ ಮೊದಲ ದಿನದಿಂದ ಸರಿಯಾಗಿ ಮಾಡಿದೆ. ಅಂಗಡಿಯ ಉದ್ರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು, ಯಾರೇ ಫೋನ್ ಮಾಡಿದರೂ ಮೊದಲು ಕೇಳುತ್ತಿದ್ದೆ: ‘ಎಲ್ಲಿ ನೋಡಿ ಫೋನ್ ಮಾಡಿದ್ರಿ?’ ಅವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ. ಮನೆ ನೋಡಲು ಬಂದರೆ ಆ ಹೆಸರಿನ ಮುಂದೆ ಒಂದು ಸೊನ್ನೆ ಸುತ್ತುತ್ತಿದ್ದೆ.

ಎರಡು ತಿಂಗಳಲ್ಲಿ ಬಂದ ಫೋನು 61. ಆ್ಯಪಿನಿಂದ 23, ಫೇಸ್‌ಬುಕ್ಕಿನಿಂದ 15, ಪ್ಯಾಂಪ್ಲೆಟ್ಟಿನಿಂದ 14, ಬೋರ್ಡು ನೋಡಿ 7, ಬಾಯಿಮಾತಿನಿಂದ 2. ಇಷ್ಟು ಮಾತ್ರ ನೋಡಿದರೆ ಆ್ಯಪೇ ಗೆದ್ದಿತು ಅನ್ನಬೇಕು. ಆದರೆ ಸೊನ್ನೆ ಎಣಿಸಿದಾಗ ಲೆಕ್ಕ ತಲೆಕೆಳಗಾಯಿತು. ಆ್ಯಪಿನ 23 ಜನರಲ್ಲಿ ಮನೆವರೆಗೆ ಬಂದವರು ಮೂವರು. ಫೇಸ್‌ಬುಕ್ಕಿನವರಲ್ಲಿ ಒಬ್ಬರು. ಪ್ಯಾಂಪ್ಲೆಟ್ಟಿನ 14ರಲ್ಲಿ 9 ಫೋನು ಬ್ರೋಕರುಗಳದ್ದೇ, ಬಂದವರು ಇಬ್ಬರು. ಬೋರ್ಡು ನೋಡಿದ 7 ಜನರಲ್ಲಿ ಐವರು ಅವತ್ತೇ ಚಪ್ಪಲಿ ಬಿಟ್ಟು ಒಳಗೆ ಬಂದು ಬಚ್ಚಲ ನಲ್ಲಿ ತಿರುಗಿಸಿ ನೋಡಿ ಹೋದರು. ಬಾಯಿಮಾತಿನ ಇಬ್ಬರೂ ಬಂದರು.

ಯಾಕೆ ಹೀಗೆ ಅಂತ ಯೋಚಿಸಿದರೆ ಉತ್ತರ ಅಲ್ಲೇ ಇತ್ತು. ಪ್ಯಾಂಪ್ಲೆಟ್ ಹೋಗಿದ್ದು ಪಿ.ಜೆ. ಬಡಾವಣೆ, ವಿದ್ಯಾನಗರದ ಮನೆಗಳಿಗೆ. ಅಲ್ಲಿರುವವರು 20X30ರ ಶೀಟಿನ ಮನೆ ಯಾಕೆ ತಗೋತಾರೆ? ಅಂಥ ಮನೆ ಬೇಕಾಗಿರುವುದು ಅದೇ ಓಣಿಯಲ್ಲಿ ಬಾಡಿಗೆಗೆ ಇರುವವರಿಗೆ, ಮಗನ ಮದುವೆಯಾಗಿ ಜಾಗ ಸಾಲದೆ ಹೋದವರಿಗೆ. ಅವರಿಗೆ ನೀರು ಯಾವ ದಿನ ಬರುತ್ತೆ, ಮಳೆ ಬಂದರೆ ಚರಂಡಿ ಎಲ್ಲಿ ಉಕ್ಕುತ್ತೆ ಅನ್ನುವುದೆಲ್ಲ ಗೊತ್ತು. ಅವರು ಆ್ಯಪ್ ನೋಡಿ ಮನೆ ಹುಡುಕುವುದಿಲ್ಲ, ಓಣಿಯಲ್ಲಿ ಓಡಾಡುವಾಗ ಗೋಡೆ ನೋಡುತ್ತಾರೆ.

ಬೋರ್ಡಿನದ್ದೂ ಒಂದು ಪಾಠ ಇದೆ. ಮೊದಲು ಫ್ಲೆಕ್ಸ್ ಕಟ್ಟಿಸಿದ್ದೆ. ಗಾಳಿಗೆ ಎರಡೇ ವಾರದಲ್ಲಿ ಹರಿಯಿತು. ಆಮೇಲೆ ಪೇಂಟರ್ ಹತ್ತಿರ ತಗಡಿನ ಮೇಲೆ ಕೈಯಲ್ಲೇ ಬರೆಸಿದೆ. ‘ಮನೆ ಮಾರಾಟಕ್ಕಿದೆ. 20X30. ಇ-ಖಾತಾ ಇದೆ. ಬ್ಯಾಂಕ್ ಸಾಲ ಆಗುತ್ತದೆ. ಮಾಲೀಕರು’ ಅಂತ ಬರೆಸಿ, ಕೆಳಗೆ ದೊಡ್ಡದಾಗಿ ನಂಬರ್. ‘ಮಾಲೀಕರು’ ಅನ್ನುವ ಪದ ಬರೆಸಿದ ಮೇಲೆ ಫೋನ್ ಮಾಡಿದವರ ದನಿಯೇ ಬೇರೆ ಇತ್ತು. ಸೀದಾ ಮಾತಿಗೆ ಬರುತ್ತಿದ್ದರು. ಕಾಗದಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿ ಮನೆಯಲ್ಲೇ ಇಟ್ಟಿದ್ದೆ. 30 ವರ್ಷದ ಇಸಿ, ಹಿಂದಿನ ಕ್ರಯಪತ್ರಗಳು, ಕಂದಾಯದ ರಸೀದಿ, ಇ-ಖಾತಾ. ಕೇಳಿದವರಿಗೆ ಅಲ್ಲೇ ಒಂದು ಸೆಟ್ ಜೆರಾಕ್ಸ್. ‘ವಕೀಲರಿಗೆ ತೋರಿಸಿಕೊಂಡು ಬನ್ನಿ’ ಅಂತ ನಾನೇ ಹೇಳುತ್ತಿದ್ದೆ. ಹೊಸಬರಿಗೆ ಇದಕ್ಕಿಂತ ಒಳ್ಳೆ ಜಾಹೀರಾತು ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾಲದ ಲೆಕ್ಕವನ್ನೂ ನಾನು ನೋಡಿರಲಿಲ್ಲ. ದುಡ್ಡು ಸುರಿದು ಪ್ರಚಾರ ಶುರು ಮಾಡಿದ್ದು ಆಷಾಢದಲ್ಲಿ. ಆ ವರ್ಷ ಆಷಾಢದ ಹಿಂದೆಯೇ ಅಧಿಕ ಶ್ರಾವಣ ಬಂತು. ಹಾಗಾಗಿ ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ ಅಡ್ವಾನ್ಸ್ ಕೊಡುವ ಮಾತನ್ನೇ ಯಾರೂ ಎತ್ತಲಿಲ್ಲ. ಪ್ರಚಾರಕ್ಕೆ ಹಾಕಿದ ಒಟ್ಟು 8,150 ರೂಪಾಯಿಯಲ್ಲಿ ಮುಕ್ಕಾಲು ಭಾಗ ಆ ದಿನಗಳಲ್ಲೇ ಕರಗಿತು. ಈಗ ಪಂಚಾಂಗ ನೋಡದೆ ಪ್ಯಾಂಪ್ಲೆಟ್ಟಿಗೆ ಆರ್ಡರ್ ಕೊಡುವುದಿಲ್ಲ.

ನಿಜ ಶ್ರಾವಣ ಹುಟ್ಟಿದ ವಾರದಲ್ಲೇ ಎದುರು ಸಾಲಿನ ಒಬ್ಬ ಹೆಂಗಸು ಬಂದರು. ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಹಾಕುತ್ತಾರೆ. ಕೈಯಲ್ಲಿ ಇನ್ನೂ ಹಿಟ್ಟಿತ್ತು. ‘ಅಕ್ಕಾ, ದಿನಾ ರೊಟ್ಟಿ ಕೊಡಕ್ಕೆ ಹೋಗುವಾಗ ಬೋರ್ಡು ನೋಡ್ತಿದ್ದೆ ರೀ. ಯಾರಾದ್ರೂ ತಗೊಂಡುಬಿಟ್ರೇನೋ ಅಂತ ಹೆದರಿಕೆ ಆಗ್ತಿತ್ತು’ ಅಂದರು. ಎರಡು ತಿಂಗಳು ನೋಡಿದ್ದಾರೆ! ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ಬೆಳಿಗ್ಗೆ ಅರಿಶಿನ ಕುಂಕುಮದ ಜೊತೆ ಅಡ್ವಾನ್ಸ್ ಕೊಟ್ಟರು. 29.5 ಲಕ್ಷಕ್ಕೆ ಮಾತಾಯಿತು. ಬ್ಯಾಂಕಿನವರು ಅದೇ ಫೈಲು ನೋಡಿ ಸಾಲ ಕೊಟ್ಟರು.

ಖರ್ಚೆಲ್ಲ ಕಳೆದು ನಮಗೆ ಉಳಿದದ್ದು ಎರಡೂವರೆ ಲಕ್ಷದಷ್ಟು. ಇಷ್ಟು ಬೇಗ ಮಾರಿದರೆ ಆ ಲಾಭಕ್ಕೆ ನಿಮ್ಮ ಆದಾಯ ತೆರಿಗೆಯ ಸ್ಲ್ಯಾಬ್ ಪ್ರಕಾರವೇ ತೆರಿಗೆ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಗಿದೆ. ಅಂದರೆ ಇವತ್ತು ಅದೇ ಮನೆ ಕೊಂಡರೆ ಇನ್ನೂ 22 ಸಾವಿರ ಹೋಗುತ್ತಿತ್ತು. ಉಳಿಯುವುದೇ ಇಷ್ಟಿರುವಾಗ ಪ್ರಚಾರಕ್ಕೆ ಕೊಡುವ ಪ್ರತಿ ಸಾವಿರವೂ ಎಲ್ಲಿ ಹೋಗುತ್ತಿದೆ ಅಂತ ಗೊತ್ತಿರಬೇಕು, ಅಲ್ವಾ?

ಮಾರುವುದು ಒಂದು ಕಡೆಯಾದರೆ, ಕೊಳ್ಳಲು ಮನೆ ಹುಡುಕುವುದು ಇನ್ನೊಂದು. ಇಲ್ಲಿ ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ. ನನ್ನ ಅಂಗಡಿಗೆ ದಿನಾ ಜನರ ಕಾಗದ ಬರುತ್ತವೆ. ಯಾರ ಮನೆಗೆ ಬ್ಯಾಂಕಿನ ನೋಟಿಸ್ ಬಂದಿದೆ, ಯಾವ ಅಣ್ಣ ತಮ್ಮಂದಿರ ಪಾಲು ಆಗುತ್ತಿದೆ, ಎಲ್ಲ ಕಣ್ಣಿಗೆ ಬೀಳುತ್ತದೆ. ‘ನಿಂಗೇನಪ್ಪಾ, ಪಾರ್ಟಿ ಕೈಯಲ್ಲೇ ಇದಾರೆ’ ಅಂತ ಪರಿಚಯದ ಬ್ರೋಕರ್ ಒಬ್ಬರು ಹೇಳಿದ್ದರು. ಆ ಕಾಗದ ನೋಡಿ ಒಬ್ಬರಿಗೂ ನಾನು ಫೋನ್ ಮಾಡಿಲ್ಲ, ಮಾಡುವುದೂ ಇಲ್ಲ. ನಂಬಿ ಕೊಟ್ಟ ಕಾಗದ ಅದು. ‘ಅರ್ಜೆಂಟ್ ದುಡ್ಡು ಬೇಕಾ? ಮನೆ ಮಾರಿ’ ಅನ್ನುವ ಬೋರ್ಡನ್ನೂ ಹಾಕಿಸುವುದಿಲ್ಲ. ಆಸ್ಪತ್ರೆ ಬಿಲ್ಲಿಗೆ ಅಳುತ್ತಾ ಸಹಿ ಹಾಕಿದವರನ್ನು ನನ್ನ ಮೆಟ್ಟಿಲ ಮೇಲೇ ಕಂಡಿದ್ದೇನೆ.

ಬದಲಿಗೆ ಓಣಿ ಗೊತ್ತಿರುವವರಿಗೆ ಹೇಳಿಟ್ಟಿದ್ದೇನೆ. ಸಿಲಿಂಡರ್ ಹಾಕುವ ಹುಡುಗ, ಹೂ ಮಾರುವ ಅಜ್ಜಿ, ನಮ್ಮ ವೈರಿಂಗ್ ಮಾಡಿದ ಮೇಸ್ತ್ರಿ. ಬೀಗ ಹಾಕಿದ ಮನೆ ಯಾವುದು, ಮಕ್ಕಳು ಬೆಂಗಳೂರು ಸೇರಿ ನೋಡಿಕೊಳ್ಳುವವರಿಲ್ಲದ ಮನೆ ಯಾವುದು, ಇವರಿಗೆ ಗೊತ್ತಿರುತ್ತದೆ. ಬ್ರೋಕರ್ ಮೂಲಕ ಬಂದರೆ ಶೇ 1 ಕಮಿಷನ್ ಮೊದಲೇ ಮಾತಾಡಿಕೊಂಡು, ಕೆಲಸ ಮುಗಿದ ದಿನವೇ ಕೊಡುತ್ತೇನೆ. ಅವರ ಹೊಟ್ಟೆಪಾಡೂ ಅದೇ.

ಇನ್ನೊಂದು ಮಾತು. ಒಂದು ಮನೆ ಮಾರಿದ ಕೂಡಲೇ ಲೇಔಟಿನವರು ಬಂದು ‘ನಮ್ಮ ಸೈಟನ್ನೂ ನಿಮ್ಮ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಾಕಿ’ ಅನ್ನುತ್ತಾರೆ. ಸುಮ್ನೆ ಒಪ್ಪಬೇಡಿ. 500 ಚದರ ಮೀಟರ್‌ಗಿಂತ ದೊಡ್ಡ ಲೇಔಟು ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗದೆ ಜಾಹೀರಾತು ಕೊಡುವಂತಿಲ್ಲ. ಕಮಿಷನ್ನಿಗೆ ಅಂಥ ಸೈಟು ಮಾರಿಸಿಕೊಡಲು ನೀವೂ ಏಜೆಂಟ್ ಆಗಿ ನೋಂದಣಿ ಮಾಡಿಸಿರಬೇಕು.

ಹೋದ ವಾರ ಹೂವಿನ ಅಜ್ಜಿ ವಿನೋಬನಗರದ ಒಂದು ಮನೆ ಹೇಳಿದ್ದಾರೆ. ಮಾಲೀಕರು ಊರಿಗೆ ಬರುವುದು ಭಾನುವಾರ. ಹಳೇ ತಗಡಿನ ಬೋರ್ಡು ಅಂಗಡಿ ಹಿಂದೆ ಹಾಗೇ ಇದೆ. ಅಳತೆ ಒಂದನ್ನು ಅಳಿಸಿ ಬರೆಸಿದರೆ ಸಾಕು.