ನಿಮ್ಮಲ್ಲಿ ಎಷ್ಟಾಯ್ತು?

ನಮ್ಮ ಸಕಲೇಶಪುರದ ಕಾಫಿ ತೋಟಗಳ ಕಡೆ ಮಾರ್ಚ್ ತಿಂಗಳಲ್ಲಿ ಯಾರೂ ಯಾರನ್ನೂ ‘ಚೆನ್ನಾಗಿದ್ದೀರಾ’ ಅಂತ ಕೇಳುವುದಿಲ್ಲ. ಫೋನೆತ್ತಿದರೆ ಒಂದೇ ಪ್ರಶ್ನೆ, ‘ನಿಮ್ಮಲ್ಲಿ ಎಷ್ಟಾಯ್ತು?’ ಮದುವೆ ಮನೆಯಲ್ಲೂ ಅದೇ. ಸಾವಿನ ಮನೆಯಲ್ಲೂ ಅದೇ, ದನಿ ಮಾತ್ರ ಸ್ವಲ್ಪ ತಗ್ಗಿರುತ್ತದೆ. ಕೇಳುವುದು ಮಳೆಯನ್ನು. ಉತ್ತರ ಇಂಚು, ಸೆಂಟಿನಲ್ಲೇ ಬರಬೇಕು, ನೂರು ಸೆಂಟಿಗೆ ಒಂದು ಇಂಚು. ಬೆಂಗಳೂರಿನಲ್ಲಿರುವ ನಮ್ಮ ಮೈದುನ ಒಬ್ಬನೇ ‘ಅಂದ್ರೆ ಎಷ್ಟು ಮಿಲಿಮೀಟರ್ ಅತ್ತಿಗೆ?’ ಅನ್ನುತ್ತಾನೆ. ಇಂಚಿಗೆ 25 ಚಿಲ್ಲರೆ ಅಂತ ಅವನಿಗೂ ಗೊತ್ತು. ತೋಟದ ತಲೆನೋವು ತನ್ನದಲ್ಲ ಅಂತ ತೋರಿಸಿಕೊಳ್ಳೋಕೆ ಹಾಗೆ ಕೇಳುತ್ತಾನೆ ಅನ್ನುವುದು ನನ್ನ ಅನುಮಾನ. ಪಾಲಿನ ಮಾತು ಬಂದಾಗ ಎಕರೆ, ಗುಂಟೆ ಎಲ್ಲ ಅವನ ಬಾಯಲ್ಲಿ ಸಲೀಸಾಗಿ ಬರುತ್ತವೆ.

ಈ ವಾರದ ತನಕ ನಮ್ಮ ಉತ್ತರ ‘ಇನ್ನೂ ಇಲ್ಲ’ ಅಂತಲೇ ಇತ್ತು. ಹೆತ್ತೂರಿನವರು ಆಯ್ತು ಅಂದರು, ಮೂಡಿಗೆರೆಯ ನಾದಿನಿ ಆಯ್ತು ಅಂದಳು, ಹಾನುಬಾಳಿನ ನೆಂಟರು ಕೇಳದಿದ್ದರೂ ಫೋನ್ ಮಾಡಿ ಆಯ್ತು ಅಂದರು. ಗುಡ್ಡದ ಆಚೆ ಸುರಿದ ಮಳೆ ಈಚೆ ಒಂದು ಹನಿಯನ್ನೂ ಉದುರಿಸಿರಲಿಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರಲ್ಲ, ಅದು ಬಯಲುಸೀಮೆಯವರ ಸಮಾಧಾನ. ಭರಣಿ ಬರುವಷ್ಟರಲ್ಲಿ ಏಪ್ರಿಲ್ ಮುಗಿಯುತ್ತಾ ಬಂದಿರುತ್ತದೆ. ರೋಬಸ್ಟಾ ಕಾಫಿಯ ಮೊಗ್ಗು ಅಲ್ಲಿತನಕ ಕಾಯುವುದಿಲ್ಲ, ಗಿಡದಲ್ಲೇ ಸುಟ್ಟುಹೋಗುತ್ತದೆ.

ಕೆಳಗಿನ ತೋಟದವರಿಗೆ ಈ ಕಾಯುವ ಪಾಡಿಲ್ಲ. ಅವರಿಗೆ ಕೆರೆ ಇದೆ, ಡೀಸೆಲ್ ಮೋಟರ್ ಇದೆ, ಸ್ಪ್ರಿಂಕ್ಲರ್ ಪೈಪು ಇದೆ, ಇವೆಲ್ಲ ಇವೆ ಅಂತ ಹೇಳಿಕೊಳ್ಳುವ ಉಮೇದೂ ಇದೆ. ಕಳೆದ ವಾರ ಹಗಲು ರಾತ್ರಿ ನೀರು ಹೊಡೆದರು. ರಾತ್ರಿ ಮಲಗಿದರೆ ಬೇಲಿಯಾಚೆ ನೀರು ಎಲೆಗೆ ಬಡಿಯುವ ಸದ್ದು. ನಿದ್ದೆಗಣ್ಣಲ್ಲಿ ಮಳೆ ಅಂತಲೇ ಅನ್ನಿಸಿ, ಆಮೇಲೆ ಮೋಟರಿನ ಗುಡುಗುಡು ಕೇಳಿ ಮಗ್ಗುಲು ಬದಲಿಸಬೇಕು. ಬೇರೆಯವರ ನೀರಿನ ಸದ್ದು ಕೇಳುತ್ತಾ ಮಲಗುವುದು ಎಂಥ ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು.

ನೀರು ಬಿದ್ದ ಏಳೆಂಟು ದಿನಕ್ಕೆ ಹೂವು. ಬುಧವಾರ ಬೆಳಗ್ಗೆ ಬಾಗಿಲು ತೆಗೆದರೆ ಘಮ್ಮೆಂದಿತು. ಕೆಳಗಿನ ತೋಟ ಪೂರ್ತಿ ಬಿಳಿ. ಮಲ್ಲಿಗೆಯಂಥದೇ ವಾಸನೆ, ಆದರೆ ಮಲ್ಲಿಗೆಯನ್ನು ಹೀಗೆ ಎಕರೆಗಟ್ಟಲೆ ಯಾರೂ ಮೂಸಿರುವುದಿಲ್ಲ. ನಮ್ಮ ಗಿಡಗಳು ಮಾತ್ರ ಗೆಣ್ಣುಗೆಣ್ಣಿಗೆ ಮೊಗ್ಗು ಕಟ್ಟಿಕೊಂಡು ಎಲೆ ಜೋತು ಹಾಕಿ ನಿಂತಿದ್ದವು. ನಮ್ಮತ್ತೆ ಜಗಲಿಯಲ್ಲಿ ಕೂತು, ‘ಚೆನ್ನಾಗಿ ಆಗಿದೆ ಕಣೇ ಅವರದ್ದು’ ಅಂದರು. ಆ ಮಾತಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಅವರ ಪಾಲಿನದ್ದೂ ನಾನೇ ಪಟ್ಟೆ.

ಇಲ್ಲೊಂದು ತೊಡಕಿದೆ. ರೋಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಕಾಲಲ್ಲೋ ಬರಬೇಕು. ಹೂವು ಬಿರಿದ ದಿನವೇ ಮಳೆ ಹೊಡೆದರೆ ಪರಾಗ ತೊಳೆದುಹೋಗಿ ಕಾಯಿ ಕಮ್ಮಿಯಾಗುತ್ತದೆ. ಹಾಗಾಗಿ ಬುಧವಾರ ಬೇಲಿಯ ಈಚೆ ನಾವು ಮಳೆ ಬರಲಿ ಅನ್ನುತ್ತಿದ್ದೆವು, ಆಚೆಯವರು ಇನ್ನೆರಡು ದಿನ ಬಾರದಿರಲಿ ಅನ್ನುತ್ತಿದ್ದರು. ಇಬ್ಬರೂ ಒಂದೇ ದೇವಸ್ಥಾನಕ್ಕೆ ಹಣ್ಣುಕಾಯಿ ಮಾಡಿಸುವವರು.

ಮೂರು ಗಂಟೆಗೆ ಮೋಡ ಕಟ್ಟಿತು. ಮೊದಲ ಗುಡುಗಿಗೆ ಕರೆಂಟ್ ಹೋಯಿತು, ಅದು ನಮ್ಮಲ್ಲಿ ಪದ್ಧತಿ. ಸಿಲ್ವರ್ ಮರಗಳು ಬಾಗತೊಡಗಿದವು, ಶೀಟಿನ ಮೇಲೆ ನಾಲ್ಕು ಹನಿ ಬಿತ್ತು, ಆಮೇಲೆ ಜೋರಾಗಿ ಹಿಡಿಯಿತು. ನಾನು ‘ಬಂತು’ ಅನ್ನೋಕೆ ಬಾಯಿ ತೆರೆದರೆ ಅತ್ತೆ ಕೈ ಎತ್ತಿ ತಡೆದರು. ಸುರಿಯುವ ಮಳೆಯನ್ನು ಮಾತಾಡಿಸಿದರೆ ನಿಂತುಬಿಡುತ್ತದೆ ಅಂತ ಅವರ ನಂಬಿಕೆ. ನಿಜಕ್ಕೂ ಸ್ವಲ್ಪ ಹೊತ್ತಿಗೆ ಸದ್ದು ಇಳಿಯಿತು.

ಹೊರಗಿನವರಿಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ, ಆ ಹೊತ್ತಿನ ಹೆದರಿಕೆ ಮಳೆಯೇ ಬಾರದಿದ್ದಾಗಿನ ಹೆದರಿಕೆಗಿಂತ ದೊಡ್ಡದು. ಮೊಗ್ಗು ಅರಳಿಸುವ ಈ ಹೂಮಳೆ ಒಂದು ಇಂಚಾದರೂ ಆಗಬೇಕು. ಮೂವತ್ತು ನಲವತ್ತು ಸೆಂಟಿಗೆ ನಿಂತರೆ ಮೊಗ್ಗು ಎಚ್ಚೆತ್ತುಕೊಳ್ಳುತ್ತದೆ, ಪೂರ್ತಿ ಅರಳುವ ಶಕ್ತಿ ಸಾಲದೆ ಅರೆಬರೆ ಬಿರಿದು ಕೆಂಪಾಗಿ ಉದುರುತ್ತದೆ. ಅದಕ್ಕಿಂತ ಏನೂ ಬಾರದಿರುವುದೇ ವಾಸಿ, ಮುಂದಿನ ಮಳೆಯ ಆಸೆಯಾದರೂ ಉಳಿಯುತ್ತದೆ. ನಮ್ಮವರು ಬಾಗಿಲಲ್ಲಿ ನಿಂತು ಸೂರಿನ ನೀರು ಸಣ್ಣಗಾಗುವುದನ್ನೇ ನೋಡುತ್ತಿದ್ದರು. ‘ಎಷ್ಟಾಗಿರಬಹುದು?’ ಅಂದೆ. ‘ಮೂವತ್ತೈದು’ ಅಂದರು, ನಾನೇ ಕದ್ದಿಟ್ಟುಕೊಂಡಿದ್ದೇನೋ ಅನ್ನುವ ಹಾಗೆ. ಕೊಡೆ ಹಿಡಿದು ಅಂಗಳದ ರೇನ್‌ಗೇಜ್ ನೋಡಿಬರೋಕೆ ಹೊರಟರು. ಅತ್ತೆ, ‘ಬೆಳಗ್ಗೆ ನೋಡೋದು ಅಂದ್ರೆ ಬೆಳಗ್ಗೆ. ಒಲೆ ಮೇಲಿನ ಅನ್ನ ಹಿಚುಕಿದ ಹಾಗೆ ಮಳೆ ಹಿಚುಕಿ ನೋಡ್ತಾನೆ’ ಅಂದರು.

ಆಮೇಲೆ ಮತ್ತೆ ಬಂತು. ಈ ಸಲ ಗಾಳಿ ಇಲ್ಲ, ಆರ್ಭಟ ಇಲ್ಲ, ನೇರ ಇಳಿಯುವ ಮಳೆ. ಶೀಟಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದ ಹಾಗಾಯಿತು. ಅತ್ತೆಯ ಮುಖ ನೋಡಿದೆ. ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಆ ಕಾಲು ಚಾಚಿದ್ದನ್ನು ಕಂಡ ಗಳಿಗೆಯಲ್ಲೇ ನನಗೆ ಎದೆ ಹಗುರಾಯಿತು, ಮಳೆ ಕಂಡಲ್ಲ. ಯಾರು ಬೇಡ ಅಂದರೂ ಅತ್ತೆ ಬರೆದಿಡುವ ಹಳೇ ಡೈರಿಗಳಲ್ಲಿ ನಾನು ಈ ಮನೆಗೆ ಬರುವ ಮುಂಚಿನ ಮಳೆಗಳೂ ಇವೆ. ಅಂಥವರು ಕಾಲು ಚಾಚಿದರು ಅಂದಮೇಲೆ ಇಂಚು ದಾಟಿದೆ ಅಂತಲೇ. ಇದ್ದಕ್ಕಿದ್ದಂತೆ ಹಸಿವಾಯಿತು. ಟಾರ್ಚ್ ಬೆಳಕಲ್ಲಿ ಅಕ್ಕಿರೊಟ್ಟಿ ತಟ್ಟಿದೆ. ನಮ್ಮವರು ಬೆಳಗ್ಗೆಯಿಂದ ಇಟ್ಟುಕೊಂಡಿದ್ದ ಸಿಟ್ಟು, ಸೊಸೈಟಿ ಸಾಲದ ನವೀಕರಣದ ಬಗ್ಗೆಯೋ ಮತ್ತೆ ಯಾವುದರ ಬಗ್ಗೆಯೋ, ಎರಡನೇ ರೊಟ್ಟಿಗೆ ಮರೆತೇಹೋಯಿತು.

ಗುರುವಾರ ಬೆಳಗ್ಗೆ ಅಳತೆ ಗ್ಲಾಸಿಗೆ ಸುರಿದು ನೋಡಿದರೆ ಒಂದು ಇಂಚು ಹದಿನಾಲ್ಕು ಸೆಂಟು. ನಾನು ಯಾರಿಗೆ ಮೊದಲು ಹೇಳಲಿ ಅಂತ ಫೋನ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಅದೇ ಬಡಿದುಕೊಂಡಿತು. ಕೆಳಗಿನ ತೋಟದವರು.

‘ಎಷ್ಟಾಯ್ತು ಅತ್ತಿಗೆ?’

‘ಒಂದು ಹದಿನಾಲ್ಕು.’

‘ನಮಗೂ ಹತ್ತಿರ ಹತ್ತಿರ ಅಷ್ಟೇ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮಗೆ ಬೇಕಿತ್ತು. ಬಂತು, ಬಿಡಿ’ ಅಂದರು.

‘ನಿಮ್ಮ ಹೂವು?’

‘ನಿನ್ನೆ ಬೆಳಗ್ಗೆ ಜೇನು ಬಂದಿತ್ತು. ನೋಡಾಣ.’

ಅಷ್ಟೇ ಮಾತು. ಆಮೇಲೆ ಇಡೀ ದಿನ ನನಗೆ ಅದೇ ಗುಂಗು. ನಿಮಗೆ ಬೇಕಿತ್ತು, ಬಂತು, ಬಿಡಿ. ಪಾತ್ರೆ ತೊಳೆಯುವಾಗ ಅದು ಚುಚ್ಚಿದ ಹಾಗೆ ಕೇಳಿಸಿತು, ಮೆಣಸು ಹರವುವಾಗ ಹಾರೈಸಿದ ಹಾಗೆ. ನಮ್ಮವರನ್ನು ಕೇಳಿದರೆ, ‘ಹೊಟ್ಟೆಯುರಿ, ಮತ್ತಿನ್ನೇನು’ ಅಂದರು. ಇವರ ಪ್ರಕಾರ ಮೋಟರ್ ಇರುವವರಿಗೆಲ್ಲ ಹೊಟ್ಟೆಯುರಿ. ಅತ್ತೆ ಹೇಳಿದ್ದೇ ಬೇರೆ. ‘ಅಷ್ಟು ಡೀಸೆಲ್ ಸುಟ್ಟು ಹೂವು ಮಾಡ್ಕೊಂಡೋನು, ಆ ಹೂವು ನೆನೆದ ಬೆಳಗ್ಗೇನೇ ನಿನ್ನ ಮಳೆ ಎಷ್ಟು ಅಂತ ಕೇಳ್ತಾನೆ ಅಂದ್ರೆ, ಬೈಕೊಳ್ಳೋ ಹಾಗಿದ್ರೆ ಫೋನೇ ಮಾಡ್ತಿರಲಿಲ್ಲ.’

ಇರಬಹುದು. ಆದರೂ ಒಂದು ನಿಜ ಹೇಳಿಬಿಡುತ್ತೇನೆ, ಅವರ ಹೂವು ನೆನೆದದ್ದು ಗೊತ್ತಿದ್ದೂ ನನ್ನ ಖುಷಿ ಒಂದು ಸೆಂಟೂ ಕಮ್ಮಿಯಾಗಲಿಲ್ಲ. ಪಾಪ ಅನ್ನಿಸಿತು, ಖುಷಿಯೂ ಆಯಿತು, ಎರಡೂ ಒಂದರ ಪಕ್ಕ ಒಂದು ಆರಾಮಾಗಿ ಕೂತಿದ್ದವು. ಹಿಂದಿನ ವಾರ ಅವರೂ ನಮ್ಮ ಒಣಗಿದ ಗಿಡ ನೋಡಿಕೊಂಡೇ ತಾನೇ ರಾತ್ರಿಯೆಲ್ಲ ನೀರು ಹೊಡೆದದ್ದು? ಆಗ ಅವರಿಗೂ ಹೀಗೇ ಆಗಿರಬೇಕು. ಎಲ್ಲರಿಗೂ ಒಟ್ಟಿಗೆ ಆಗುವ ನೆಮ್ಮದಿಯನ್ನೇ ಕಾಯುತ್ತಾ ಕೂತರೆ ಈ ಮಲೆನಾಡಿನಲ್ಲಿ ಯಾರೂ ಯಾವತ್ತೂ ಕಾಲು ಚಾಚುವ ಹಾಗಿಲ್ಲ. ಒಂದೇ ಮಳೆ ಒಬ್ಬರ ಮೊಗ್ಗಿಗೆ, ಒಬ್ಬರ ಹೂವಿಗೆ, ಇನ್ನೊಬ್ಬರು ಕಣದಲ್ಲಿ ಹರವಿದ ಮೆಣಸಿಗೆ ಬಿದ್ದಿರುತ್ತದೆ.

ಶುಕ್ರವಾರ ಸಂಜೆ ಅವರೇ ಬೇಲಿ ಹತ್ತಿರ ಸಿಕ್ಕಿದರು. ಹೂವಿನ ಮಾತು ನಾನೂ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ‘ಇನ್ನೆರಡು ಮೂರು ವಾರದಲ್ಲಿ ನಿಮಗೆ ಕಾಯಿ ನಿಲ್ಲಿಸೋ ಬ್ಯಾಕಿಂಗ್ ಮಳೆ ಆಗದಿದ್ರೆ ನನ್ನ ಮೋಟರ್ ತಗೊಂಡು ಹೋಗಿ ಅತ್ತಿಗೆ. ಕೆರೇಲಿ ಇನ್ನೂ ಸ್ವಲ್ಪ ನೀರಿದೆ. ಡೀಸೆಲ್ ಒಂದು ನೀವು ಹಾಕ್ಕೊಂಡ್ರೆ ಆಯ್ತು’ ಅಂದರು. ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಕಣ್ಣು ಪೇಪರಿನ ಮೇಲೇ ಇತ್ತು.

‘ಆ ಮೋಟರ್ ಗಂಟೆಗೆ ಎಷ್ಟು ಕುಡಿಯುತ್ತೆ ಅಂತ ಕೇಳಿದೆಯಾ?’